ತಗ್ಗಿಸಿದ ಕಾರು ತಿರುವಿನಲ್ಲಿ ಜಾರುತ್ತಿತ್ತು: ಸರಿಮಾಡಿದ ಬಗೆ

ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ಸಸ್ಪೆನ್ಷನ್) ಇರುವ ಕಾರು, ಗಿಡ್ಡ ಸ್ಪ್ರಿಂಗ್ ಹಾಕಿ ಮುಂಭಾಗ 40 ಮಿ.ಮೀ. ಇಳಿಸಿದ್ದು. ಸಣ್ಣ ಗುಂಡಿಗೂ ‘ಧಡ್’ ಅನ್ನುವ ಪೆಟ್ಟು; ತಿರುವಿನ ನಡುವೆ ಉಬ್ಬು ಸಿಕ್ಕರೆ ಮುಂದಿನ ಚಕ್ರ ಹೊರಕ್ಕೆ ಜಾರುತ್ತಿತ್ತು. ಇಂಥ ಕಡೆ ಎಲ್ಲರೂ ಮೊದಲು ಬೈಯುವುದು ಶಾಕ್ ಅಬ್ಸಾರ್ಬರನ್ನೇ. ಅದು ಸರಿಯಾಗಿಯೇ ಇತ್ತು.

ಶಾಕ್‌ನ ರಾಡಿಗೆ ಕೇಬಲ್ ಟೈ ಬಿಗಿದು ಒಂದು ಸುತ್ತು ಓಡಿಸಿದಾಗ ಗುಟ್ಟು ಬಯಲಾಯಿತು: ಟೈ ಹೋಗಿ ಬಂಪ್ ಸ್ಟಾಪ್‌ಗೆ, ಅಂದರೆ ಶಾಕ್ ಪೂರ್ತಿ ಕುಗ್ಗದಂತೆ ತಡೆಯುವ ರಬ್ಬರಿಗೆ, ಅಂಟಿಕೊಂಡಿತ್ತು. ಕಾರು ನಿಂತಾಗ ಶಾಕ್‌ಗೂ ಆ ರಬ್ಬರಿಗೂ ನಡುವೆ ಉಳಿದಿದ್ದ ಅಂತರ ಬರೀ 15 ಮಿ.ಮೀ. ಕಾರು ವಾಲಿದೊಡನೆ ಹೊರಬದಿಯ ರಬ್ಬರ್ ಒತ್ತಿಕೊಂಡು ಸ್ಪ್ರಿಂಗ್ ದಿಢೀರ್ ಗಡುಸಾಗುತ್ತದೆ, ಭಾರವೆಲ್ಲ ಆ ಟೈರಿನ ಮೇಲೆ ಬಿದ್ದು ಹಿಡಿತ ತಪ್ಪುತ್ತದೆ.

ಜೊತೆಗೆ, ಚಕ್ರವನ್ನು ಬಾಡಿಗೆ ಜೋಡಿಸುವ ಕೆಳಗಿನ ತೋಳು, ಅಂದರೆ ಲೋವರ್ ಆರ್ಮ್‌ನ ಹೊರತುದಿ ಒಳತುದಿಗಿಂತ ಮೇಲೇರಿತ್ತು. ಆಗ ರೋಲ್ ಸೆಂಟರ್ (ತಿರುವಿನಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು), ಬಾಡಿ ಇಳಿದದ್ದಕ್ಕಿಂತ ಹೆಚ್ಚು ಇಳಿಯುತ್ತದೆ; ಬಾಡಿಯ ಭಾರಕ್ಕೂ ಅದಕ್ಕೂ ಅಂತರ ಹೆಚ್ಚಿ ವಾಲಿಸುವ ಬಲವೂ ಹೆಚ್ಚುತ್ತದೆ. ತಗ್ಗಿಸಿದ ಕಾರು ಕಡಿಮೆ ವಾಲುತ್ತದೆ ಅನ್ನುವುದು ಅರ್ಧ ಸತ್ಯ.

20 ಮಿ.ಮೀ. ಮಾತ್ರ ಇಳಿಸುವ ಸ್ಪ್ರಿಂಗ್ ಹಾಕಿದ ಮೇಲೆ ಆರ್ಮ್ ಹೆಚ್ಚುಕಮ್ಮಿ ಮಟ್ಟಕ್ಕೆ ಬಂತು, ಅಂತರ 35 ಮಿ.ಮೀ. ಆಯಿತು. ಬಂಪ್ ಸ್ಟಾಪನ್ನೇ ಕತ್ತರಿಸುವ ಅಡ್ಡದಾರಿ ಬೇಡ, ಶಾಕ್ ಒಳಗೇ ತಳ ಬಡಿದು ಹಾಳಾಗುತ್ತದೆ.

ಆರ್ಮ್‌ನ ಕೀಲಿನಲ್ಲಿರುವ ರಬ್ಬರ್ ಬುಷ್‌ನ ಬೋಲ್ಟನ್ನು ಚಕ್ರದ ಮೇಲೆ ಭಾರ ಇದ್ದಾಗಲೇ ಬಿಗಿಯಬೇಕು. ಜ್ಯಾಕ್ ಮೇಲೆ ನೇತಾಡುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ, ಸವಾರಿಯೂ ಒರಟು. ಎತ್ತರವನ್ನು ಚಕ್ರದ ನಡುವಿನಿಂದ ಫೆಂಡರ್ ಅಂಚಿಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ. ಕೊನೆಗೆ ಟೋ ಅಲೈನ್‌ಮೆಂಟ್ (ಚಕ್ರಗಳು ನೋಡುವ ದಿಕ್ಕು), ಹೆಡ್‌ಲೈಟ್ ಮಟ್ಟ ಸರಿಮಾಡಿಸಿ.