ವೇಳಾಂಕಣಿ ಯಾತ್ರೆ: ಕೊಳದಿಂದ ಕಡಲಿನವರೆಗೆ

ತಮಿಳುನಾಡಿನ ವೇಳಾಂಕಣಿಯಲ್ಲಿ ಬಸ್ಸಿಳಿದವರು ಸೀದಾ ಹೋಗುವುದು ಕಡಲಂಚಿನ ಬಿಳಿ ಬೆಸಿಲಿಕಾಗೆ (ಪೋಪರಿಂದ ವಿಶೇಷ ಪದವಿ ಪಡೆದ ಚರ್ಚ್). ನಾನಾದರೆ ಮೊದಲು ಮಾತೆಯ ಕೊಳಕ್ಕೆ ಹೋಗಿ ಎನ್ನುತ್ತೇನೆ. ಆರೋಗ್ಯ ಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಳ, ಕಥೆ ಶುರುವಾದದ್ದೇ ಅಲ್ಲಿ.

ದಿನ ಗೊತ್ತುಮಾಡಿ

ಆಗಸ್ಟ್ 29ರಂದು ಧ್ವಜಾರೋಹಣ, ಸೆಪ್ಟೆಂಬರ್ 8ರಂದು ಮಾತೆಯ ಜನ್ಮೋತ್ಸವ. ಈ ಹನ್ನೊಂದು ದಿನ ಕಾಲಿಡಲೂ ಜಾಗ ಇರುವುದಿಲ್ಲ. ವಯಸ್ಸಾದವರು, ಕೈಗೂಸು ಜೊತೆಗಿದ್ದರೆ ಜನವರಿ, ಫೆಬ್ರವರಿ ವಾಸಿ. ನಮ್ಮಲ್ಲಿ ಮಳೆಗಾಲ ಮುಗಿಯಿತೆಂದು ಅಕ್ಟೋಬರ್, ನವೆಂಬರಿನಲ್ಲಿ ಹೊರಡಬೇಡಿ. ಆ ಕರಾವಳಿಗೆ ಹಿಂಗಾರೇ ನಿಜವಾದ ಮಳೆಗಾಲ. 2018ರ ನವೆಂಬರಿನಲ್ಲಿ ಗಜ ಚಂಡಮಾರುತ ಅಪ್ಪಳಿಸಿದ್ದೂ ಅಲ್ಲಿಗೇ.

ಹೊರಡುವ ಮುಂಚೆ

ಪಾಪನಿವೇದನೆಯನ್ನು (ಗುರುಗಳ ಮುಂದೆ ತಪ್ಪುಗಳನ್ನು ಹೇಳಿಕೊಳ್ಳುವುದು) ನಿಮ್ಮ ಧರ್ಮಕೇಂದ್ರದಲ್ಲೇ, ಅಂದರೆ ನಿಮ್ಮೂರಿನ ಚರ್ಚಿನಲ್ಲೇ, ಮುಗಿಸಿಕೊಳ್ಳಿ. ಮನಸ್ಸಿನ ಭಾರ ಇಳಿಸಲು ತಾಯ್ನುಡಿ ಬೇಕು. ಅಲ್ಲಿ ಕನ್ನಡ ಬಲ್ಲ ಗುರುಗಳು ಸಿಗುತ್ತಾರೆಂದು ನೆಚ್ಚಿಕೊಳ್ಳಬೇಡಿ. ‘ನನಗೂ ಒಂದು ಪ್ರಾರ್ಥನೆ ಮಾಡಿ’ ಎಂದವರ ಹೆಸರನ್ನೆಲ್ಲ ಚೀಟಿಯಲ್ಲಿ ಬರೆದು ಜಪಸರದ ಜೊತೆ ಇಟ್ಟುಕೊಳ್ಳಿ. ಜನಸಂದಣಿಯಲ್ಲಿ ಹೆಸರು ಮರೆತುಹೋಗುತ್ತವೆ.

ಮೈಸೂರಿನಿಂದ ಬೆಂಗಳೂರು ಮಾರ್ಗವಾಗಿ ಹೋಗುವ ರೈಲಿನಲ್ಲಿ ತಂಜಾವೂರಿಗೆ ಹೋಗಿ, ಅಲ್ಲಿಂದ ಬಸ್ ಹಿಡಿಯಬಹುದು. ಉಳಿದಿರುವುದು ಸುಮಾರು 90 ಕಿಲೋಮೀಟರ್. ಹಬ್ಬದ ದಿನಗಳಿಗಾದರೆ ರೂಮನ್ನು ತಿಂಗಳುಗಟ್ಟಲೆ ಮುಂಚೆಯೇ ಕಾಯ್ದಿರಿಸಿ. ಕಾವಿಯುಟ್ಟು ಬೆಂಗಳೂರಿನಿಂದ ನಾನೂರಕ್ಕೂ ಹೆಚ್ಚು ಕಿಲೋಮೀಟರ್ ನಡೆದೇ ಹೋಗುವವರಿದ್ದಾರೆ. ಮೊದಲ ಸಲದವರು ಒಬ್ಬರೇ ಹೊರಡದೆ ಅನುಭವಸ್ಥರ ತಂಡ ಸೇರಿ.

ಊರೊಳಗೆ

ಹಾಲು ಹೊತ್ತು ಹೊರಟ ಹುಡುಗನೊಬ್ಬ ಕೊಳದ ಬಳಿ ಆಲದ ನೆರಳಲ್ಲಿ ದಣಿವಾರಿಸಿಕೊಳ್ಳುತ್ತಿದ್ದ. ಕಂಕುಳಲ್ಲಿ ಮಗುವಿದ್ದ ತಾಯಿಯೊಬ್ಬಳು ಬಂದು ಮಗುವಿಗೆ ಹಾಲು ಕೇಳಿದಳು. ಕೊಟ್ಟ. ಧಣಿಯ ಮನೆ ತಲುಪಿ ನೋಡಿದರೆ ಪಾತ್ರೆ ತುಂಬಿ ಉಕ್ಕುತ್ತಿತ್ತು ಎಂಬುದು ನಂಬಿಕೆ. ಆ ಕೊಳದ ಪಕ್ಕ ಕುಳಿತು ಒಂದು ಜಪಸರ ಮುಗಿಸಿ. ನನಗೆ ಇಡೀ ವೇಳಾಂಕಣಿಯಲ್ಲಿ ಇದಕ್ಕಿಂತ ಆಪ್ತವಾದ ಜಾಗವಿಲ್ಲ: ಮಾತೆ ಇಲ್ಲಿ ವರ ಕೊಡಲು ಬಂದವಳಲ್ಲ, ಮಗುವಿಗೆ ಹಾಲು ಕೇಳಲು ಬಂದವಳು.

ಆಮೇಲೆ ನಡುತಿಟ್ಟು. ಮಜ್ಜಿಗೆ ಮಾರುತ್ತಿದ್ದ ಕುಂಟ ಹುಡುಗ ಮಾತೆಗೆ ಮಜ್ಜಿಗೆ ಕೊಟ್ಟು ಎದ್ದು ಓಡಿದ ಜಾಗವಿದು. ಮಾತೆಗೆಂದು ಮೊದಲ ಹುಲ್ಲಿನ ಗುಡಿ ಕಟ್ಟಿದ್ದು ಆ ಘಟನೆಯ ನಂತರವೇ.

ಕೊನೆಗೆ ಬೆಸಿಲಿಕಾ. ಸೆಪ್ಟೆಂಬರ್ 8ರಂದು ಬಿರುಗಾಳಿಯಿಂದ ಬದುಕಿ ದಡ ಸೇರಿದ ಪೋರ್ಚುಗೀಸ್ ನಾವಿಕರು ಇಲ್ಲಿ ಚರ್ಚ್ ಕಟ್ಟಿಸಿದರಂತೆ. ಹಬ್ಬ ಆ ದಿನವೇ ನಡೆಯುವುದಕ್ಕೆ ಇದೂ ಒಂದು ಕಾರಣ. 1962ರಲ್ಲಿ ಪೋಪ್ 23ನೇ ಜಾನ್ ಇದಕ್ಕೆ ಬೆಸಿಲಿಕಾ ಪದವಿ ಕೊಟ್ಟರು. ಬಲಿಪೂಜೆಯ (ಚರ್ಚಿನ ಮುಖ್ಯ ಆರಾಧನೆ, ಮಾಸ್) ವೇಳೆ, ಭಾಷೆಗಳನ್ನು ಕಚೇರಿಯಲ್ಲಿ ಕೇಳಿಕೊಳ್ಳಿ.

ಹರಕೆ

ಬೆಸಿಲಿಕಾಗೂ ಕೊಳಕ್ಕೂ ನಡುವೆ ಮರಳಿನ ದಾರಿಯಿದೆ. ಹರಕೆ ಹೊತ್ತವರು ಅಲ್ಲಿ ಮಂಡಿಯೂರಿ ಸಾಗುತ್ತಾರೆ. ಬಿಸಿಲೇರಿದರೆ ಮರಳು ಸುಡುತ್ತದೆ, ಬೆಳಗಿನ ಜಾವವೇ ಮುಗಿಸಿ. ಮಂಡಿನೋವಿನವರು ನಡೆದೇ ಹೋಗಲಿ, ಮಾತೆ ಬೇಸರಪಡುವುದಿಲ್ಲ. ಮುಡಿ ಕೊಡುವವರಿದ್ದಾರೆ. ಕಾಯಿಲೆ ವಾಸಿಯಾದವರು ಬೆಳ್ಳಿಯಲ್ಲೋ ಮೇಣದಲ್ಲೋ ಮಾಡಿದ ಕೈ, ಕಾಲು, ಕಣ್ಣು ಅರ್ಪಿಸುತ್ತಾರೆ. ಒಂದು ಮೇಣದಬತ್ತಿಯೂ ಸಾಕು.

ಕಡಲಿಗಿಳಿಯುವಾಗ ಎಚ್ಚರ. ಅಲೆಗಳ ಸೆಳೆತ ಜೋರು, ಮಕ್ಕಳ ಕೈ ಬಿಡಬೇಡಿ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ, ಕ್ರಿಸ್ಮಸ್ಸಿಗೆಂದು ಬಂದಿದ್ದ ಅನೇಕ ಯಾತ್ರಿಕರು ಈ ತೀರದಲ್ಲೇ ತೀರಿಕೊಂಡರು. ದಡದಲ್ಲಿ ನಿಂತು ಅವರಿಗಾಗಿ ಒಂದು ‘ನಮೋ ಮರಿಯ’ ಹೇಳಿ.

ಈ ವರ್ಷ ಹೋಗಲಾಗದವರಿಗೆ ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ ಇದೆ. ಹಬ್ಬ ಅಲ್ಲೂ ಅದೇ ದಿನಗಳಲ್ಲಿ. ಸೀರೆಯುಟ್ಟ ಮಾತೆಯ ಮುಂದೆ ಕಾವಿಯುಟ್ಟವರ ಸಾಲು. ಚೀಟಿಯಲ್ಲಿ ಬರೆದ ಹೆಸರುಗಳನ್ನು ಅಲ್ಲೂ ಓದಬಹುದು.