ಜರ್ಮನ್–ಇಂಗ್ಲಿಷ್ ಅನುವಾದಕರನ್ನು ನಾನು ಆರಿಸುವ ಬಗೆ

ಅನುವಾದ ಯಾರ ಮೇಜಿಗೆ ಹೋಗುತ್ತದೆ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳುತ್ತೇನೆ. ಜನನ ಪ್ರಮಾಣಪತ್ರವೋ ಅಂಕಪಟ್ಟಿಯೋ ಜರ್ಮನಿಯ ಕಚೇರಿಗೆ ಹೋಗುವುದಾದರೆ, ಸಾಮಾನ್ಯವಾಗಿ ಕೋರ್ಟಿನ ಮುಂದೆ ಪ್ರಮಾಣ ಮಾಡಿದ ಅನುವಾದಕರ ಸಹಿ, ಮೊಹರು ಕೇಳುತ್ತಾರೆ. ಇಂಥವರ ಪಟ್ಟಿಯನ್ನು ಜರ್ಮನ್ ರಾಜ್ಯಗಳ ನ್ಯಾಯ ಇಲಾಖೆಗಳೇ ಆನ್‌ಲೈನಿನಲ್ಲಿ ಇಟ್ಟಿವೆ. ಭಾಷೆ, ಊರು ಕೊಟ್ಟು ಹುಡುಕಬಹುದು. ಬ್ರಿಟನ್ನಿನಲ್ಲಿ ಇಂಥ ಪದ್ಧತಿಯೇ ಇಲ್ಲ. ಅಲ್ಲಿ ‘ಇದು ಮೂಲಕ್ಕೆ ಸರಿಯಾದ ಅನುವಾದ’ ಎಂದು ಅನುವಾದಕರು ಸಹಿ ಮಾಡಿದ ಹೇಳಿಕೆ ಲಗತ್ತಿಸುತ್ತಾರೆ. ಮೂಲ ದಾಖಲೆಗೆ ಅಪೊಸ್ಟಿಲ್ (ಹೊರದೇಶದಲ್ಲಿ ಬಳಸಲು ಅದರ ಸಹಿ, ಮೊಹರು ಅಸಲಿ ಎಂದು ಸರ್ಕಾರ ಕೊಡುವ ದೃಢೀಕರಣ) ಬೇಕಿದ್ದರೆ ಅದನ್ನು ಅನುವಾದಕ್ಕೆ ಮೊದಲೇ ಮಾಡಿಸಿ. ಆಮೇಲೆ ಅಂಟಿಸಿದರೆ ಅದರಲ್ಲಿರುವ ಬರಹ ಅನುವಾದವಾಗದೆ ಉಳಿದು, ಕೆಲಸ ಮತ್ತೆ ಮಾಡಿಸಬೇಕಾಗುತ್ತದೆ.

ಮೊಹರು ಬೇಡದ ಕೆಲಸಕ್ಕೆ ಜರ್ಮನಿಯ ಬಿಡಿಯುಇ, ಬ್ರಿಟನ್ನಿನ ಐಟಿಐ, ಅಮೆರಿಕದ ಎಟಿಎ ಎಂಬ ಅನುವಾದಕರ ಸಂಘಗಳ ಸದಸ್ಯರ ಪಟ್ಟಿ ನೋಡುತ್ತೇನೆ. ಎಟಿಎ ಅರ್ಹತೆ ಒಂದೇ ದಿಕ್ಕಿಗೆ ಸಿಗುತ್ತದೆ: ಜರ್ಮನ್‌ನಿಂದ ಇಂಗ್ಲಿಷಿಗೆ ಪಾಸಾದವರು ಇಂಗ್ಲಿಷಿನಿಂದ ಜರ್ಮನ್‌ಗೂ ಅರ್ಹರೆಂದು ಅರ್ಥವಲ್ಲ. ಬರೆಯುವ ಭಾಷೆ ಅವರ ತಾಯ್ನುಡಿಯಾಗಿರಲಿ. ವಿಷಯಜ್ಞಾನವೂ ಅಷ್ಟೇ ಮುಖ್ಯ. ಕರಾರುಪತ್ರ ಚೆನ್ನಾಗಿ ಮಾಡುವವರು ಯಂತ್ರದ ಕೈಪಿಡಿಯಲ್ಲಿ ತಡವರಿಸಬಹುದು.

ನನ್ನ ದಾಖಲೆಯ ನಡುವಿನಿಂದ ಒಂದು ಪುಟ ತೆಗೆದು, ಹಣ ಕೊಟ್ಟೇ ಮಾದರಿ ಮಾಡಿಸುತ್ತೇನೆ. ಬಂದ ಮೇಲೆ ಮೊದಲು ನೋಡುವುದು ಅಂಕಿ. ಜರ್ಮನ್ ಬರಹದ 1.250 ಎಂದರೆ ಸಾವಿರದ ಇನ್ನೂರೈವತ್ತು. ಚುಕ್ಕಿ ಹಾಗೆಯೇ ಇಂಗ್ಲಿಷಿಗೆ ಬಂದರೆ ಒಂದೂಕಾಲು ಆಗಿಬಿಡುತ್ತದೆ! ದಿನಾಂಕ, ಅಳತೆ, ಹೆಸರುಗಳ ಕಾಗುಣಿತ ಆಮೇಲೆ. ಸಂಸ್ಥೆಗೆ ಕೊಟ್ಟರೆ, ಎರಡನೆಯವರು ಮೂಲದೊಂದಿಗೆ ಹೋಲಿಸಿ ತಿದ್ದುತ್ತಾರೆಯೇ ಎಂದು ಕೇಳಿ. ಅನುವಾದ ಸೇವೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 17100 ಅದನ್ನು ಕಡ್ಡಾಯ ಮಾಡಿದೆ. ಯಂತ್ರಾನುವಾದ ತಿದ್ದಿ ಕೊಡುತ್ತಾರೆಯೇ ಎಂಬುದೂ ಬರಹದಲ್ಲಿ ಬರಲಿ.

ದರ ಹೋಲಿಸುವಾಗ ಎಚ್ಚರ. ಜರ್ಮನಿಯಲ್ಲಿ ಖಾಲಿ ಜಾಗವೂ ಸೇರಿ 55 ಅಕ್ಷರದ ಸಾಲಿಗೆ ಲೆಕ್ಕ, ಇಂಗ್ಲಿಷ್ ನಾಡುಗಳಲ್ಲಿ ಹೆಚ್ಚಾಗಿ ಪದಕ್ಕೆ. ಜರ್ಮನ್ ಉದ್ದುದ್ದ ಸಮಾಸಗಳನ್ನು ಒಂದೇ ಪದವಾಗಿ ಬರೆಯುವುದರಿಂದ, ಮೂಲದ ಪದ ಎಣಿಸಿದರೆ ಒಂದು ಮೊತ್ತ, ಅನುವಾದದ್ದು ಎಣಿಸಿದರೆ ಇನ್ನೊಂದು. ಒಟ್ಟು ಮೊತ್ತವನ್ನೇ ಕೇಳುವುದು ಕ್ಷೇಮ.

ಮಾತಿನ ಕೆಲಸಕ್ಕೆ ದುಭಾಷಿ ಬೇರೆಯೇ ಕಸುಬು. ಭಾಷಣದ ಜೊತೆಜೊತೆಗೇ ಅನುವಾದಿಸುವುದಾದರೆ ಇಬ್ಬರು ಬೇಕು. 20–30 ನಿಮಿಷಕ್ಕೊಮ್ಮೆ ಸರದಿ ಬದಲಿಸುತ್ತಾರೆ. ಒಬ್ಬರನ್ನೇ ಇಡೀ ದಿನ ಕೂರಿಸಿದರೆ ದಣಿದು ಮಾತು ಬಿಟ್ಟುಹೋಗುತ್ತದೆ. ಕಾರ್ಯಸೂಚಿ, ಸ್ಲೈಡು, ಭಾಷಣಕಾರರ ಹೆಸರು ಒಂದು ವಾರ ಮೊದಲೇ ಅವರ ಕೈ ಸೇರಲಿ.