ಪೆಥಾಲಜಿಯ ಮೂಲ ಪದಗಳನ್ನು ಕಲಿಯುವ ಕ್ರಮ

ಪೆಥಾಲಜಿ, ಅಂದರೆ ರೋಗಶಾಸ್ತ್ರ, ಕಲಿಯತೊಡಗಿದವರು ಪದಗಳನ್ನು ಪಟ್ಟಿಯಾಗಿ ಬರೆದುಕೊಂಡು ಬಾಯಿಪಾಠ ಮಾಡುವುದೇ ಹೆಚ್ಚು. ಹಾಗೆ ಕಲಿತ ಪದಗಳು ಕೆಲವೇ ದಿನಗಳಲ್ಲಿ ಒಂದರೊಳಗೊಂದು ಕಲಸಿಹೋಗುತ್ತವೆ. ಯಾವುದೇ ಪದ ಎದುರಾದಾಗ, ಜೀವಕೋಶದ ಮೇಲೆ ಒತ್ತಡ ಬಿದ್ದ ಗಳಿಗೆಯಿಂದ ಅಂಗಾಂಶ ದುರಸ್ತಿಯಾಗುವವರೆಗಿನ ಘಟನೆಗಳಲ್ಲಿ ಅದು ಯಾವ ಹಂತಕ್ಕೆ ಸೇರಿದ್ದು ಎಂದು ಮೊದಲು ಕೇಳಿಕೊಳ್ಳುವುದು ಇದಕ್ಕಿಂತ ಒಳ್ಳೆಯ ದಾರಿ. ರೋಗದ ನೆಲೆ ಜೀವಕೋಶವೇ ಎಂದು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಖೋ 1858ರಲ್ಲಿ ಪ್ರತಿಪಾದಿಸಿದ ಮೇಲೆ ಈ ಶಾಸ್ತ್ರ ಬೆಳೆದಿರುವುದೂ ಇದೇ ಜಾಡಿನಲ್ಲಿ.

ಆರಂಭದ ಹಂತ ಹೊಂದಾಣಿಕೆಯದು. ಕೆಲಸದ ಹೊರೆ ಹೆಚ್ಚಾದಾಗ ಜೀವಕೋಶಗಳ ಗಾತ್ರ ಹಿಗ್ಗಿದರೆ ಅದು ಹೈಪರ್‌ಟ್ರೋಫಿ; ಅಧಿಕ ರಕ್ತದೊತ್ತಡ ಇರುವವರ ಹೃದಯಸ್ನಾಯು ದಪ್ಪವಾಗುವುದು ಹೀಗೆ. ಜೀವಕೋಶಗಳ ಸಂಖ್ಯೆಯೇ ಹೆಚ್ಚಿದರೆ ಅದು ಹೈಪರ್‌ಪ್ಲೇಸಿಯಾ. ಗರ್ಭಿಣಿಯ ಗರ್ಭಕೋಶದಲ್ಲಿ ಇವೆರಡೂ ಒಟ್ಟಿಗೇ ನಡೆಯುವುದರಿಂದ, ಎರಡರ ವ್ಯತ್ಯಾಸವನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಲು ಅದೇ ಒಳ್ಳೆಯ ಉದಾಹರಣೆ. ಬಳಕೆ ಇಲ್ಲದೆ ಅಂಗಾಂಶ ಕುಗ್ಗುವುದು ಅಟ್ರೋಫಿ. ಒಂದು ಬಗೆಯ ಪ್ರೌಢ ಜೀವಕೋಶದ ಜಾಗಕ್ಕೆ ಇನ್ನೊಂದು ಬಗೆಯದು ಬಂದು ನಿಂತರೆ ಅದು ಮೆಟಾಪ್ಲೇಸಿಯಾ. ಧೂಮಪಾನಿಗಳ ಶ್ವಾಸನಾಳದಲ್ಲಿ ಕೂದಲೆಳೆಯಂಥ ಸಿಲಿಯಾಗಳುಳ್ಳ ಕೋಶಗಳು ಹೋಗಿ ಚಪ್ಪಟೆ ಕೋಶಗಳು ಬರುತ್ತವೆ. ಅವು ಹೊಗೆಯನ್ನು ತಾಳಿಕೊಳ್ಳುತ್ತವೆ, ಆದರೆ ಕಫವನ್ನು ಮೇಲಕ್ಕೆ ತಳ್ಳಲಾರವು. ಒತ್ತಡದ ಕಾರಣ ದೂರವಾದರೆ ಈ ಬದಲಾವಣೆಗಳು ಸಾಮಾನ್ಯವಾಗಿ ಹಿಂದಿರುಗಬಲ್ಲವು ಎಂಬುದನ್ನು ಇಲ್ಲಿಯೇ ಗುರುತು ಹಾಕಿಕೊಳ್ಳಬೇಕು.

ಹೊಂದಾಣಿಕೆಯ ಮಿತಿ ದಾಟಿದರೆ ಹಾನಿ ಶುರುವಾಗುತ್ತದೆ. ಜೀವಕೋಶ ನೀರು ತುಂಬಿಕೊಂಡು ಉಬ್ಬುವುದು, ಯಕೃತ್ತಿನ ಕೋಶಗಳಲ್ಲಿ ಕೊಬ್ಬು ಸೇರುವುದು ಇವು ಚೇತರಿಸಿಕೊಳ್ಳಬಹುದಾದ ಹಾನಿಗಳು. ಕೋಶದ ಪೊರೆಯೇ ಹರಿದರೆ ಮರಳುವ ದಾರಿ ಇಲ್ಲ. ಸಾವಿನಲ್ಲಿಯೂ ಎರಡು ಮುಖ್ಯ ಬಗೆಗಳಿವೆ. 1972ರಲ್ಲಿ ಹೆಸರು ಪಡೆದ ಅಪೊಪ್ಟೋಸಿಸ್‌ನಲ್ಲಿ ಜೀವಕೋಶ ತನ್ನದೇ ಕಿಣ್ವಗಳಿಂದ ಕುಗ್ಗಿ ತುಂಡಾಗುತ್ತದೆ. ಆ ತುಂಡುಗಳನ್ನು ನೆರೆಯ ಕೋಶಗಳು ನುಂಗಿಬಿಡುವುದರಿಂದ ಸುತ್ತ ಉರಿಯೂತ ಕಾಣುವುದಿಲ್ಲ. ನೆಕ್ರೋಸಿಸ್‌ನಲ್ಲಿ ಕೋಶದೊಳಗಿನದೆಲ್ಲ ಹೊರಗೆ ಸೋರಿ ಉರಿಯೂತವನ್ನು ಕರೆದು ತರುತ್ತದೆ.

ನೆಕ್ರೋಸಿಸ್‌ನ ಒಳಭೇದಗಳನ್ನು ಅಂಗದೊಂದಿಗೆ ಜೋಡಿಸಿಯೇ ಕಲಿಯಬೇಕು. ಹೃದಯ ಮತ್ತು ಮೂತ್ರಪಿಂಡಗಳಿಗೆ ರಕ್ತ ನಿಂತಾಗ ಕೊಯಾಗ್ಯುಲೇಟಿವ್ ನೆಕ್ರೋಸಿಸ್ ಆಗುತ್ತದೆ: ಹಿಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣ ಹಾಕಿದ ಸ್ಲೈಡಿನಲ್ಲಿ ಕೋಶದ ಹೊರಗೆರೆ ಹಾಗೆಯೇ ಉಳಿದು, ನೀಲಿ ಕೋಶಕೇಂದ್ರ ಮಾತ್ರ ಮಾಯವಾಗಿ, ಉಳಿದ ಭಾಗ ಎಂದಿಗಿಂತ ಗಾಢ ಗುಲಾಬಿಯಾಗಿ ಕಾಣುತ್ತದೆ. ಆದರೆ ಈ ಚಿತ್ರ ಮೂಡಲು ಗಂಟೆಗಳೇ ಬೇಕು. ಹೃದಯಾಘಾತವಾದ ಕೂಡಲೇ ಸತ್ತವರ ಹೃದಯದ ಸ್ಲೈಡು ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಸಹಜವಾಗಿಯೇ ಕಾಣಬಹುದು. ಮಿದುಳಿನಲ್ಲಿ ರಕ್ತ ನಿಂತರೆ ಅಂಗಾಂಶ ದ್ರವವಾಗಿ ಕರಗುತ್ತದೆ, ಅದು ಲಿಕ್ವಿಫ್ಯಾಕ್ಟಿವ್ ಬಗೆ. ಕ್ಷಯರೋಗದಲ್ಲಿ ಸತ್ತ ಭಾಗ ಚೀಸ್‌ನಂತೆ ಪುಡಿಪುಡಿಯಾಗುತ್ತದೆ, ಅದು ಕೇಸಿಯಸ್ ಬಗೆ.

ಉರಿಯೂತವನ್ನು ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಚಿಹ್ನೆಗಳಿಂದ ರೋಮನ್ನರ ಕಾಲದಲ್ಲಿಯೇ ಲೇಖಕ ಸೆಲ್ಸಸ್ ವರ್ಣಿಸಿದ್ದನು. ಸ್ಲೈಡಿನ ಮುಂದೆ ಕುಳಿತವರು ನೋಡಬೇಕಾದದ್ದು ಯಾವ ಕೋಶಗಳು ಬಂದಿವೆ ಎಂಬುದನ್ನು. ಮೊದಲ ದಿನ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳದೇ ದಂಡು, ಆದ್ದರಿಂದ ಅದು ತೀವ್ರ (ಅಕ್ಯೂಟ್, ಅಂದರೆ ಹೊಸದಾಗಿ ಶುರುವಾದ) ಉರಿಯೂತ. ರೋಗನಿರೋಧಕ ಕೋಶಗಳಾದ ಲಿಂಫೋಸೈಟ್, ಪ್ಲಾಸ್ಮಾ ಕೋಶ, ಕಸವನ್ನು ನುಂಗುವ ಮ್ಯಾಕ್ರೋಫೇಜ್‌ಗಳು ಹೆಚ್ಚಿದ್ದರೆ ದೀರ್ಘಕಾಲಿಕ. ಎಪಿಥೆಲಿಯಾಯ್ಡ್ (ಹೊದಿಕೆ ಪದರದ ಕೋಶಗಳನ್ನು ಹೋಲುವ) ರೂಪ ತಾಳಿದ ಮ್ಯಾಕ್ರೋಫೇಜ್‌ಗಳು ಗುಂಪುಗಟ್ಟಿ ನಿಂತರೆ ಅದು ಗ್ರಾನ್ಯುಲೋಮಾ. ಗೆಡ್ಡೆಗಳ ಹೆಸರಿನಂತೆ ‘ಓಮಾ’ ಎಂದು ಕೊನೆಯಾಗುವುದನ್ನು ಕೇಳಿ ಇದನ್ನು ಗೆಡ್ಡೆಯೆಂದು ಹೆದರುವವರಿದ್ದಾರೆ; ಇದು ಗೆಡ್ಡೆಯಲ್ಲ, ಹಿಮಟೋಮಾ ಕೂಡ ಹೆಪ್ಪುಗಟ್ಟಿದ ರಕ್ತವಷ್ಟೇ. ಆದರೆ ಮೆಲನೋಮಾ, ಲಿಂಫೋಮಾಗಳು ನಿಜಕ್ಕೂ ಮಾರಕ ಕ್ಯಾನ್ಸರ್‌ಗಳು.

ರಕ್ತಪರಿಚಲನೆಯ ಪದಗಳು ಕಡಿಮೆ: ಜೀವಂತ ರಕ್ತನಾಳದೊಳಗೆ ಕಟ್ಟಿದ ಹೆಪ್ಪು ಥ್ರಾಂಬಸ್, ಅದು ಕಳಚಿ ಬೇರೆಡೆಗೆ ಸಾಗಿದರೆ ಎಂಬೋಲಸ್, ರಕ್ತ ಸಿಗದೆ ಸತ್ತ ಭಾಗ ಇನ್‌ಫಾರ್ಕ್ಟ್.

ಗೆಡ್ಡೆಗಳ ವಿಷಯದಲ್ಲಿ ಎರಡು ಜೋಡಿಗಳನ್ನು ಬಿಡಿಸಿ ನೋಡಬೇಕು. ಡಿಸ್‌ಪ್ಲೇಸಿಯಾ ಎಂದರೆ ಕೋಶಗಳ ರೂಪ ಮತ್ತು ಜೋಡಣೆ ಕೆಟ್ಟಿದೆ ಎಂದು. ಅದು ಕ್ಯಾನ್ಸರ್‌ಗೆ ಮುಂಚಿನ ಸ್ಥಿತಿಯಾಗಿರಬಹುದು, ಆದರೆ ಕ್ಯಾನ್ಸರ್ ಆಗಿಯೇ ತೀರುತ್ತದೆ ಎಂದಿಲ್ಲ. ಗ್ರೇಡ್ ಎಂಬುದು ಗೆಡ್ಡೆಯ ಕೋಶಗಳು ಸಹಜ ಕೋಶಗಳಿಂದ ಎಷ್ಟು ದೂರ ಸರಿದಿವೆ ಎಂಬುದರ ಅಳತೆ. ಸ್ಟೇಜ್ ಎಂಬುದು ಗೆಡ್ಡೆ ದೇಹದಲ್ಲಿ ಎಷ್ಟು ದೂರ ಹರಡಿದೆ ಎಂಬುದರದು. ಮೊದಲನೆಯದು ಮುಖ್ಯವಾಗಿ ಸೂಕ್ಷ್ಮದರ್ಶಕದಲ್ಲಿ ತಿಳಿಯುತ್ತದೆ, ಎರಡನೆಯದಕ್ಕೆ ಸ್ಕ್ಯಾನ್, ಶಸ್ತ್ರಚಿಕಿತ್ಸೆ, ದುಗ್ಧರಸ ಗ್ರಂಥಿಗಳ ಪರೀಕ್ಷೆ ಎಲ್ಲವೂ ಬೇಕಾಗಬಹುದು.

ಇಷ್ಟಾದ ಮೇಲೆ ಒಂದು ವರದಿಯ ಸಾಲನ್ನು ಓದಿ ನೋಡಬಹುದು: “ದೀರ್ಘಕಾಲಿಕ ಗ್ಯಾಸ್ಟ್ರೈಟಿಸ್, ಇಂಟೆಸ್ಟೈನಲ್ ಮೆಟಾಪ್ಲೇಸಿಯಾ ಇದೆ, ಡಿಸ್‌ಪ್ಲೇಸಿಯಾ ಇಲ್ಲ.” ಅಂದರೆ ಜಠರದ ಒಳಪದರದಲ್ಲಿ ಲಿಂಫೋಸೈಟ್ ಮತ್ತು ಪ್ಲಾಸ್ಮಾ ಕೋಶಗಳು ನೆಲೆಸಿವೆ, ಕೆಲವೆಡೆ ಜಠರದ ಕೋಶಗಳ ಜಾಗದಲ್ಲಿ ಕರುಳಿನ ಬಗೆಯ ಕೋಶಗಳು ಬಂದಿವೆ, ಬಂದ ಕೋಶಗಳ ರೂಪವೂ ಸಾಲೂ ಪರೀಕ್ಷಿಸಿದ ತುಣುಕಿನಲ್ಲಿ ಕೆಟ್ಟಿಲ್ಲ.